‘ಆಕ್ರಮಣಕಾರಿ ಸಸ್ಯ’ಕ್ಕೆ ಬೇರೆ ಪದ ಬೇಕು; ಜೊತೆಗೆ ರೋಬಾಟಿನ ದಾರಿ, ತರಗತಿಯ ಕಲಿಕೆ

ಎಲ್ಲರಿಗೂ ನಮಸ್ಕಾರ.

ಮೂರು ಸಂಶೋಧನಾ ಬರಹಗಳನ್ನು ಕನ್ನಡಕ್ಕೆ ತರುವ ಕೆಲಸ ಒಪ್ಪಿಕೊಂಡು ಸಿಕ್ಕಿಹಾಕಿಕೊಂಡಿದ್ದೇನೆ. ಒಂದು, ಹೊರಗಿನಿಂದ ಬಂದು ಹಬ್ಬುವ ಗಿಡಗಳ ಬಗ್ಗೆ. ಇನ್ನೊಂದು, ರೋಬಾಟ್ ತಾನೇ ದಾರಿ ನೋಡಿಕೊಂಡು ಓಡಾಡುವುದರ ಬಗ್ಗೆ. ಮೂರನೆಯದು ತರಗತಿಯಲ್ಲಿ ಕಲಿಕೆ ಹೇಗೆ ಆಗುತ್ತದೆ ಅನ್ನುವುದು. ಓದುವವರು ಹೈಸ್ಕೂಲ್ ಮಕ್ಕಳು. ನಿಘಂಟು ತೆಗೆದರೆ ಪದಗಳೇನೋ ಸಿಗುತ್ತವೆ. ಆದರೆ ಸಿಕ್ಕ ಪದ ಸಂಶೋಧಕರು ಹೇಳಿದ್ದಕ್ಕಿಂತ ಜಾಸ್ತಿ ಹೇಳಿಬಿಡುತ್ತದೆ, ಇಲ್ಲವೇ ಬೇರೆ ಏನನ್ನೋ ಹೇಳುತ್ತದೆ. ಅಲ್ಲೇ ನನ್ನ ತಕರಾರು.

ಮೊದಲ ಕರಡಿನಲ್ಲಿ ‘ಆಕ್ರಮಣಕಾರಿ ಸಸ್ಯ’ ಎಂದೇ ಬರೆದಿದ್ದೆ. ಪತ್ರಿಕೆಗಳಲ್ಲಿ ಓಡುತ್ತಿರುವುದೂ ಅದೇ. ಒಂಬತ್ತನೇ ತರಗತಿಯಲ್ಲಿರುವ ಅಕ್ಕನ ಮಗಳಿಗೆ ಓದಲು ಕೊಟ್ಟೆ. ಪೆನ್ಸಿಲ್ ಎತ್ತಿಕೊಂಡು ಆ ಪದದ ಸುತ್ತ ಒಂದು ಸೊನ್ನೆ ಸುತ್ತಿದಳು. “ಮಾಮ, ಇದು ಯಾರ ಮೇಲೆ ಆಕ್ರಮಣ ಮಾಡುತ್ತೆ? ಮುಳ್ಳು ಚುಚ್ಚುತ್ತಾ?” ಅಂದಳು. ಲಂಟಾನಕ್ಕೆ ಮುಳ್ಳಿದೆ, ಅದು ಬೇರೆ ಮಾತು. ಆದರೆ ಕೆರೆ ತುಂಬ ತೇಲುವ, ನೇರಳೆ ಹೂ ಬಿಡುವ ಅಂತರಗಂಗೆಗೆ ಮುಳ್ಳೂ ಇಲ್ಲ, ಯಾರ ಮೇಲೂ ಸಿಟ್ಟೂ ಇಲ್ಲ. ಅಮೆಜಾನ್ ಕಡೆಯ ಗಿಡ. ಹೂವು ಚೆನ್ನಾಗಿದೆ ಅಂತ ಜನರೇ ಹೊತ್ತು ತಂದು ಲೋಕವೆಲ್ಲ ಹಂಚಿದ್ದು. ಯಾರೋ ಎತ್ತಿ ತಂದು ಬಿಟ್ಟದ್ದನ್ನು ದಾಳಿಕೋರ ಅನ್ನುವುದು ಯಾವ ನ್ಯಾಯ, ಅಲ್ವಾ?

ಈ ಯುದ್ಧದ ಮಾತು ಕನ್ನಡದವರು ಹುಟ್ಟಿಸಿದ್ದಲ್ಲ. ಹೊರಗಿನಿಂದ ಬಂದ ಜೀವಿಗಳು ಹಬ್ಬುವುದರ ಬಗ್ಗೆ ಬ್ರಿಟನ್ನಿನ ಪರಿಸರ ವಿಜ್ಞಾನಿ ಚಾರ್ಲ್ಸ್ ಎಲ್ಟನ್ 1958ರಲ್ಲಿ ಬರೆದ ಪುಸ್ತಕ ಈ ಶಾಖೆಗೆ ಬುನಾದಿ ಅನ್ನುತ್ತಾರೆ. ದಾಳಿ, ಸ್ಫೋಟ ಎಂಬ ಮಾತುಗಳು ಅಲ್ಲೇ ಇವೆ. ಇಂಗ್ಲಿಷಿನಲ್ಲಿ ‘ಇನ್ವೇಸಿವ್’ ಅನ್ನುವುದು ಬಳಸಿ ಬಳಸಿ ಸವೆದಿದೆ. ಆ ಪದ ಕೇಳಿದಾಗ ಯಾರಿಗೂ ಸೈನ್ಯ ಕಾಣುವುದಿಲ್ಲ. ನಮ್ಮ ‘ಆಕ್ರಮಣ’ ಇನ್ನೂ ಸವೆದಿಲ್ಲ. ಅಂದ ಕೂಡಲೇ ಕುದುರೆ, ಕತ್ತಿ, ಗಡಿ ಎಲ್ಲಾ ಕಣ್ಣಮುಂದೆ ಬರುತ್ತವೆ.

ಹಾಗಾಗಿ ಒಂದು ಆಟ ಹೂಡಿದೆ. ಪದವನ್ನು ಮುಚ್ಚಿಟ್ಟು, ಅದರ ವಿವರಣೆಯನ್ನು ಮಾತ್ರ ಹುಡುಗಿಗೆ ಓದಿ ಹೇಳುವುದು. ಇದಕ್ಕೆ ನೀನಾದರೆ ಏನು ಹೆಸರಿಡುತ್ತೀಯ ಅಂತ ಕೇಳುವುದು.

ಮೊದಲು ಓದಿದ್ದು 2000ನೇ ಇಸವಿಯಲ್ಲಿ ಡೇವಿಡ್ ರಿಚರ್ಡ್‌ಸನ್ ಮತ್ತು ಜೊತೆಗಾರರು ಕೊಟ್ಟ ವಿವರಣೆ. ಹೊರಗಿನಿಂದ ಬಂದ ಗಿಡ, ಇಲ್ಲಿ ನೆಲೆ ನಿಂತು, ತಾಯಿಗಿಡದಿಂದ ದೂರ ದೂರಕ್ಕೆ ಮರಿ ಹಾಕುತ್ತಾ ಹೋಗಬೇಕು. ಎಷ್ಟು ದೂರ ಅನ್ನುವುದಕ್ಕೂ ಲೆಕ್ಕ ಇದೆ. ಬೀಜದಿಂದ ಹರಡುವಂಥದ್ದಾದರೆ 50 ವರ್ಷದೊಳಗೆ 100 ಮೀಟರಿಗಿಂತ ಜಾಸ್ತಿ. ಬೇರು, ನೆಲದ ಕಾಂಡಗಳಿಂದ ಹರಡುವಂಥದ್ದಾದರೆ 3 ವರ್ಷದಲ್ಲಿ 6 ಮೀಟರಿಗಿಂತ ಜಾಸ್ತಿ. ಅಷ್ಟೇ. ಹಾನಿ ಆಗಬೇಕು ಅನ್ನುವ ಮಾತೇ ಇದರಲ್ಲಿಲ್ಲ. ಹುಡುಗಿ ಯೋಚನೆ ಮಾಡದೆ ಹೇಳಿದ್ದು: “ಹಬ್ಬೋ ಗಿಡ.”

ನನಗೆ ತುಂಬಾ ಹಿಡಿಸಿತು. ‘ಹಬ್ಬು’ ಅಂದರೆ ಬಳ್ಳಿ ನೆನಪಾಗುತ್ತದೆ ಅಂತ ಒಬ್ಬ ಗೆಳೆಯರು ಆಕ್ಷೇಪಿಸಿದರು. ಇರಬಹುದು. ಆದರೆ ಬೆಂಕಿ ಹಬ್ಬುತ್ತದೆ, ಸುದ್ದಿ ಹಬ್ಬುತ್ತದೆ, ಜ್ವರ ಹಬ್ಬುತ್ತದೆ. ಯಾವುದಕ್ಕೂ ಬಳ್ಳಿ ಇಲ್ಲ. ‘ಹಬ್ಬುಗಿಡ’ ಅಂತ ಒಟ್ಟು ಮಾಡಿ ಬರೆದಾಗ ಮಾತ್ರ ಹುಡುಗಿಯ ಅಮ್ಮ ಅದನ್ನು ‘ಹಬ್ಬದ ಗಿಡ’ ಅಂತ ಓದಿಕೊಂಡು, ಇದ್ಯಾವುದು ಅಂತ ಕೇಳಿದರು. ಅದಕ್ಕೇ ‘ಹಬ್ಬುವ ಗಿಡ’ ಅಂತ ಬಿಡಿಸಿ ಬರೆಯುವುದೇ ಮೇಲು ಅನ್ನಿಸುತ್ತಿದೆ.

ಆಮೇಲೆ ಎರಡನೇ ವಿವರಣೆ. ಜೀವವೈವಿಧ್ಯ ಒಪ್ಪಂದದವರು ಇದೇ ಪದವನ್ನು ಬೇರೆ ಅಳತೆಯಲ್ಲಿ ಬಳಸುತ್ತಾರೆ. ಹೊರಗಿನಿಂದ ಬಂದದ್ದು ಹರಡಿ, ಅಲ್ಲಿನ ಜೀವವೈವಿಧ್ಯಕ್ಕೆ ಕುತ್ತು ತರಬೇಕು. ಕುತ್ತು ಇಲ್ಲದಿದ್ದರೆ ಪದವೂ ಇಲ್ಲ. ಇದನ್ನು ಓದಿದಾಗ ಬಂದ ಉತ್ತರ ‘ಹಾವಳಿ ಗಿಡ’. ಕೋತಿ ಹಾವಳಿ, ಸೊಳ್ಳೆ ಹಾವಳಿ, ಕಳ್ಳರ ಹಾವಳಿ ಎಲ್ಲಾ ಕೇಳಿದವಳಲ್ಲವೇ. ‘ಹಾವಳಿ’ಯಲ್ಲಿ ತೊಂದರೆ ಎದ್ದು ಕಾಣುತ್ತದೆ, ಆದರೆ ದಾಳಿ ಮಾಡಬೇಕೆಂಬ ಉದ್ದೇಶ ಇರಲೇಬೇಕೆಂದಿಲ್ಲ.

ಈಗ ನನ್ನ ಫಜೀತಿ ನೋಡಿ. ಇಂಗ್ಲಿಷಿನಲ್ಲಿ ಒಂದೇ ಪದ, ವಿವರಣೆ ಎರಡು. ಕನ್ನಡದಲ್ಲಿ ಎರಡಕ್ಕೂ ಒಳ್ಳೆಯ ಪದ ಇವೆ, ಆದರೆ ಒಂದು ಪದ ಎರಡನ್ನೂ ಹೊರುವುದಿಲ್ಲ. ನನ್ನ ಕೈಯಲ್ಲಿರುವ ಬರಹ ಬರೀ ಹರಡುವಿಕೆಯನ್ನು ಅಳೆದದ್ದು. ಅದಕ್ಕೆ ‘ಹಾವಳಿ’ ಅಂದರೆ ಅವರು ಹೇಳದ ದೂರನ್ನು ನಾನು ಸೇರಿಸಿದಂತೆ. ಸದ್ಯಕ್ಕೆ ‘ಹಬ್ಬುವ ಗಿಡ’ ಇಟ್ಟುಕೊಂಡಿದ್ದೇನೆ. ನಿಮಗೆ ಸರಿ ಅನ್ನಿಸುತ್ತದೆಯೇ?

‘ಕಳೆ’ ಯಾಕಾಗಬಾರದು ಅಂತ ಯಾರಾದರೂ ಕೇಳಿಯೇ ಕೇಳುತ್ತೀರಿ. ಕಳೆ ಅನ್ನುವುದು ಬೆಳೆಗಾರನ ಕಣ್ಣಿನ ಪದ. ಬೇಡದ ಜಾಗದಲ್ಲಿ ಬೆಳೆದದ್ದೆಲ್ಲ ಕಳೆ, ಅದೇ ನೆಲದಲ್ಲಿ ಹುಟ್ಟಿದ್ದಾದರೂ ಸರಿ. ಕಾಡಿನಲ್ಲಿ ಹಬ್ಬುವ ಗಿಡಕ್ಕೆ ಅದು ಕೂರುವುದಿಲ್ಲ.

ಇನ್ನು ‘ಏಲಿಯನ್’, ಅಂದರೆ ಹೊರಗಿನಿಂದ ಬಂದದ್ದು. ಇಲ್ಲಿ ಎಚ್ಚರ ತಪ್ಪಿದರೆ ನಗೆಪಾಟಲು. ‘ಪರದೇಶಿ ಗಿಡ’ ಅಂತ ಬರೆದು ಓದಿಕೊಂಡೆ. ಅಯ್ಯೋ ಪಾಪ ಅನ್ನಿಸಿತು! ಕನ್ನಡದಲ್ಲಿ ಪರದೇಶಿ ಅಂದರೆ ಹೊರದೇಶದವನಿಗಿಂತ ಹೆಚ್ಚಾಗಿ ದಿಕ್ಕಿಲ್ಲದವನು. ಕೆರೆಯನ್ನೇ ನುಂಗಿದ ಗಿಡಕ್ಕೆ ಈ ಕರುಣೆ ಬೇಡ. ‘ವಲಸೆ’ಯೂ ಬೇಡ, ಗಿಡ ತಾನಾಗಿ ಎದ್ದು ಬಂದದ್ದಲ್ಲ. ‘ಹೊರಗಿನ ಗಿಡ’ ಸಾಕು ಅಂತ ನನ್ನ ಎಣಿಕೆ. ಅದರ ಎದುರಿಗೆ ‘ನಾಟಿ ಗಿಡ’ ಹಾಕೋಣ ಅಂದುಕೊಂಡೆ, ನಾಟಿ ತಳಿ, ನಾಟಿ ಹಸು ಅನ್ನುತ್ತೇವಲ್ಲ. ಆದರೆ ನಾಟಿ ಮಾಡಿದ ಸಸಿಯೂ ನಾಟಿ ಗಿಡವೇ! ಬಿಟ್ಟುಬಿಟ್ಟೆ. ‘ನೆಲದ ಗಿಡ’ ಅಥವಾ ಸುಮ್ನೆ ‘ಸ್ಥಳೀಯ’.

‘ಹೊರಗಿನ’, ‘ಹಾವಳಿ’ ಈ ಎರಡನ್ನು ಬೇರೆ ಬೇರೆ ಇಡುವುದಕ್ಕೆ ಕಾರಣ ಇದೆ. ಹೊರಗಿನದ್ದೆಲ್ಲ ಹಾವಳಿ ಮಾಡುವುದಿಲ್ಲ. ಜೀವವೈವಿಧ್ಯ ಕುರಿತ ಅಂತರಸರ್ಕಾರಿ ವೇದಿಕೆ 2023ರಲ್ಲಿ ಕೊಟ್ಟ ವರದಿಯ ಪ್ರಕಾರ, ಜನರ ಕೈಯಿಂದ ಹೊಸ ಜಾಗಗಳಿಗೆ ಸೇರಿ ನೆಲೆ ನಿಂತ ಜೀವಿಗಳು 37,000ಕ್ಕೂ ಹೆಚ್ಚು. ಹಾನಿ ಮಾಡುವಂಥವು 3,500ಕ್ಕೂ ಹೆಚ್ಚು. ಗಿಡಗಳನ್ನಷ್ಟೇ ತೆಗೆದುಕೊಂಡರೆ ಹೊರಗಿನವುಗಳಲ್ಲಿ ಸುಮಾರು 6 ಶೇಕಡಾ ಮಾತ್ರ. ‘ಹೊರಗಿನ’ ಮತ್ತು ‘ಹಾವಳಿ’ ಒಂದೇ ಅರ್ಥದಲ್ಲಿ ಬಂದರೆ ಮಿಕ್ಕ 94 ಶೇಕಡಾಕ್ಕೂ ಕೆಟ್ಟ ಹೆಸರು.

ಇನ್ನು ರೋಬಾಟ್.

‘ನ್ಯಾವಿಗೇಷನ್’ಗೆ ನಿಘಂಟಿನಲ್ಲಿ ‘ನೌಕಾಯಾನ’ ಇದೆ. ತಪ್ಪೇನಿಲ್ಲ, ಮೂಲ ಲ್ಯಾಟಿನ್ನಿನಲ್ಲಿ ಅದು ಹಡಗಿನ ಮಾತೇ. ಆದರೆ ನೆಲ ಗುಡಿಸುವ ರೋಬಾಟ್ ನೌಕಾಯಾನ ಮಾಡಿತು ಅಂತ ಬರೆಯಲಾದೀತೇ? ‘ಸಂಚಾರ’ ಅಂದರೆ ಬರೀ ಓಡಾಟ. ಗೋಡೆಗೆ ಗುದ್ದಿಕೊಂಡು ಓಡಾಡಿದರೂ ಸಂಚಾರವೇ.

ಜಾನ್ ಲಿಯೊನಾರ್ಡ್ ಮತ್ತು ಹ್ಯೂ ಡ್ಯುರಂಟ್-ವೈಟ್ 1991ರಲ್ಲಿ ಈ ಇಡೀ ವಿಷಯವನ್ನು ಮೂರು ಪ್ರಶ್ನೆಗಳಲ್ಲಿ ಇಟ್ಟರು. ನಾನು ಎಲ್ಲಿದ್ದೇನೆ? ಎಲ್ಲಿಗೆ ಹೋಗಬೇಕು? ಹೇಗೆ ಹೋಗಲಿ? ಇದನ್ನು ನೋಡಿದ ಮೇಲೆ ನನಗೆ ನಾಮಪದದ ಹುಚ್ಚೇ ಬಿಟ್ಟುಹೋಯಿತು. ‘ದಾರಿ ಕಂಡುಕೊಳ್ಳುವುದು’ ಅಂದರೆ ಮೂರೂ ಬಂದವಲ್ಲ. ಉದ್ದ ಆಯಿತು ಅಂತೀರಾ? ಶೀರ್ಷಿಕೆಯಲ್ಲಿ ‘ನ್ಯಾವಿಗೇಷನ್’ ಇಟ್ಟು, ಒಳಗೆ ಕ್ರಿಯಾಪದದಲ್ಲೇ ಹೇಳಿಕೊಂಡು ಹೋಗಬಹುದು. ಆದರೆ ಒಂದು ಕಡೆ ಜಾಗ್ರತೆ. ‘ರೋಬಾಟ್ ದಾರಿ ತಪ್ಪಿತು’ ಎಂದು ಬರೆದಿದ್ದೆ. ಹುಡುಗಿ ಬಿದ್ದು ಬಿದ್ದು ನಕ್ಕಳು. ಕೆಟ್ಟ ಸಹವಾಸ ಇರಬೇಕು ಅಂದಳು.

‘ಲೋಕಲೈಸೇಷನ್’ಗೆ ‘ಸ್ಥಾನೀಕರಣ’ ಅಂತ ಸಿಕ್ಕಿತು. ಇದು ಪೂರ್ತಿ ಉಲ್ಟಾ. ಸ್ಥಾನೀಕರಣ ಅಂದರೆ ಏನನ್ನೋ ಒಂದು ಜಾಗದಲ್ಲಿ ಕೂರಿಸಿದಂತೆ. ಇಲ್ಲಿ ನಡೆಯುವುದು ತಾನು ಎಲ್ಲಿದ್ದೇನೆ ಅಂತ ಗೊತ್ತುಮಾಡಿಕೊಳ್ಳುವುದು. ರಾತ್ರಿ ಕರೆಂಟ್ ಹೋದಾಗ ಏನು ಮಾಡುತ್ತೇವೆ? ಗೋಡೆ ಸವರುತ್ತಾ ಹೋಗುತ್ತೇವೆ. ಕೈಗೆ ಬೀರುವಿನ ಅಂಚು ತಗಲುತ್ತದೆ. ಓ, ಇಲ್ಲಿದ್ದೇನೆ, ಇನ್ನು ಎರಡು ಹೆಜ್ಜೆಗೆ ಬಾಗಿಲು. ಮನೆಯ ನಕ್ಷೆ ತಲೆಯಲ್ಲಿದೆ, ಬೀರು ಗುರುತು ಕೊಟ್ಟಿತು. ರೋಬಾಟ್ ಮಾಡುವುದೂ ಇದೇ, ಕೈ ಬದಲು ಲೇಸರ್ರೋ ಕ್ಯಾಮೆರಾವೋ. ಹಾಗಾಗಿ ‘ನೆಲೆ ಗುರುತಿಸಿಕೊಳ್ಳುವುದು’ ಅಂತ ಹಾಕಿದ್ದೇನೆ. ಆ ‘ಕೊಳ್ಳು’ ಮುಖ್ಯ. ತನಗೋಸ್ಕರ ತಾನೇ ಮಾಡುವ ಕೆಲಸ ಅಂತ ಅದೊಂದೇ ಹೇಳಿಬಿಡುತ್ತದೆ. ಸಂಸ್ಕೃತದ ‘ಈಕರಣ’ ಹಚ್ಚಿದರೆ ಇದು ಮಾಯ.

ತಲೆಯಲ್ಲಿ ನಕ್ಷೆಯೇ ಇಲ್ಲದಿದ್ದರೆ? ಹೊಸ ಕಟ್ಟಡಕ್ಕೆ ಬಿಟ್ಟ ರೋಬಾಟಿಗೆ ನಕ್ಷೆ ಬರೆಯಲು ತಾನೆಲ್ಲಿದ್ದೇನೆ ಅಂತ ಗೊತ್ತಿರಬೇಕು, ತಾನೆಲ್ಲಿದ್ದೇನೆ ಅಂತ ತಿಳಿಯಲು ನಕ್ಷೆ ಬೇಕು. ಎರಡನ್ನೂ ಒಟ್ಟಿಗೆ ಬಿಡಿಸುವುದಕ್ಕೆ ‘ಸ್ಲ್ಯಾಮ್’ ಅನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಪದ ಇಲ್ಲ, ಗಾದೆ ಇದೆ: ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು. ಪದವನ್ನು ‘ಸ್ಲ್ಯಾಮ್’ ಅಂತಲೇ ಬಿಟ್ಟು, ವಿವರಣೆಯಲ್ಲಿ ಗಾದೆ ಹಾಕಿದ್ದೇನೆ. ಸಂಪಾದಕರು ಕತ್ತರಿಸಿದರೆ ಅವರ ಹಣೆಬರಹ.

ಇನ್ನೊಂದು ಪದ ನೋಡಿ. ಓಡಾಡುತ್ತಿರುವ ರೋಬಾಟನ್ನು ಯಾರೋ ಎತ್ತಿ ಬೇರೆ ಕಡೆ ಇಟ್ಟುಬಿಟ್ಟರೆ ಅದಕ್ಕೆ ತಬ್ಬಿಬ್ಬು. ಚಕ್ರ ಎಷ್ಟು ಸುತ್ತು ತಿರುಗಿತು ಅನ್ನುವ ಲೆಕ್ಕ ಕೆಲಸಕ್ಕೆ ಬಾರದು. ಇಂಗ್ಲಿಷಿನಲ್ಲಿ ಇದನ್ನು ಅಪಹರಣದ ಸಮಸ್ಯೆ ಅನ್ನುತ್ತಾರೆ. ‘ಅಪಹೃತ ರೋಬಾಟ್’ ಅಂದರೆ ಒತ್ತೆಹಣ ಕೇಳುವ ಫೋನ್ ಬರಬೇಕು. ನಮ್ಮಲ್ಲಿ ‘ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಹಾಗೆ’ ಅನ್ನುವ ಮಾತಿದೆ. ‘ಕಣ್ಕಟ್ಟು ಸಮಸ್ಯೆ’ ಅನ್ನೋಣ ಅಂದರೆ ಕಣ್ಕಟ್ಟು ಅಂದರೆ ಜಾದೂ. ಇದಕ್ಕೆ ನನಗೆ ಏನೂ ಹೊಳೆಯುತ್ತಿಲ್ಲ. ಬಲ್ಲವರು ಕೈಹಿಡಿಯಿರಿ.

ಮೂರನೆಯದು ಸುಲಭ ಅಂದುಕೊಂಡಿದ್ದೆ. ‘ಕಲಿಕೆ’ಗಿಂತ ಸರಳ ಪದ ಯಾವುದಿದೆ? ಆದರೆ ರೋಬಾಟ್ ಬರಹದಲ್ಲೂ ‘ಆ್ಯಕ್ಟಿವ್ ಲರ್ನಿಂಗ್’ ಇದೆ, ತರಗತಿ ಬರಹದಲ್ಲೂ ಅದೇ ಇದೆ. ಎರಡಕ್ಕೂ ‘ಸಕ್ರಿಯ ಕಲಿಕೆ’ ಅಂತ ಹಾಕಿ ಮುಂದೆ ಹೋಗಿದ್ದೆ. ಮತ್ತೆ ಓದಿದಾಗ ಗೊತ್ತಾಯಿತು, ಎರಡೂ ಬೇರೆ ಬೇರೆ ಸಂಗತಿ.

ತರಗತಿಯದ್ದು ಏನೆಂದರೆ, ವಿದ್ಯಾರ್ಥಿ ಸುಮ್ಮನೆ ಪಾಠ ಕೇಳುತ್ತಾ ಕೂರುವುದಿಲ್ಲ. ಲೆಕ್ಕ ಬಿಡಿಸುತ್ತಾನೆ, ಪಕ್ಕದವನ ಜೊತೆ ವಾದ ಮಾಡುತ್ತಾನೆ, ಪ್ರಶ್ನೆ ಕೇಳುತ್ತಾನೆ. ಸ್ಕಾಟ್ ಫ್ರೀಮನ್ ಮತ್ತು ಜೊತೆಗಾರರು 2014ರಲ್ಲಿ ಕಾಲೇಜು ಮಟ್ಟದ ವಿಜ್ಞಾನ, ಗಣಿತ, ಎಂಜಿನಿಯರಿಂಗ್ ತರಗತಿಗಳ ಮೇಲಿನ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಬರೀ ಉಪನ್ಯಾಸ ಇದ್ದಲ್ಲಿ ಫೇಲಾದವರು ಸರಾಸರಿ 33.8 ಶೇಕಡಾ, ಹೀಗೆ ತೊಡಗಿಸಿಕೊಂಡ ಕಡೆ 21.8. ಯಂತ್ರದ್ದು ಬೇರೆ ಕತೆ. ಸಾವಿರಾರು ಚಿತ್ರಗಳಲ್ಲಿ ಯಾವುದು ತನಗೆ ಗೊಂದಲವೋ ಅದನ್ನು ಪ್ರೋಗ್ರಾಮೇ ಆರಿಸಿ, ಇದು ಏನು ಅಂತ ಮನುಷ್ಯರನ್ನು ಕೇಳುತ್ತದೆ.

ಯಂತ್ರದ್ದಕ್ಕೆ ‘ಕೇಳಿ ಕಲಿಕೆ’ ಅಂತ ಬರೆದು ಬೆನ್ನು ತಟ್ಟಿಕೊಂಡೆ. ಮರುಕ್ಷಣವೇ ಎಡವಟ್ಟು ಕಂಡಿತು. ಕನ್ನಡದ ‘ಕೇಳು’ ಎರಡು ಕೆಲಸ ಮಾಡುತ್ತದೆ. ಕಿವಿಗೊಟ್ಟರೂ ಕೇಳುವುದೇ, ಪ್ರಶ್ನೆ ಹಾಕಿದರೂ ಕೇಳುವುದೇ. ಬಾಯಿ ಮುಚ್ಚಿ ಉಪನ್ಯಾಸ ಆಲಿಸುವ ಹುಡುಗನದ್ದೂ ಕೇಳಿ ಕಲಿಕೆ, ಎದ್ದು ನಿಂತು ಅನುಮಾನ ಎತ್ತುವವಳದ್ದೂ ಕೇಳಿ ಕಲಿಕೆ. ಫ್ರೀಮನ್ ಅಧ್ಯಯನ ಯಾವ ಎರಡನ್ನು ಎದುರುಬದುರು ಇಟ್ಟು ತೂಗಿತೋ, ನಮ್ಮ ಭಾಷೆ ಆ ಎರಡನ್ನೂ ಒಂದೇ ಕ್ರಿಯಾಪದದಲ್ಲಿ ಕಟ್ಟಿಹಾಕಿದೆ! ಈಗ ಯಂತ್ರಕ್ಕೆ ‘ಪ್ರಶ್ನಿಸಿ ಕಲಿಕೆ’, ತರಗತಿಗೆ ‘ತೊಡಗಿ ಕಲಿಕೆ’ ಅಂತ ಇಟ್ಟಿದ್ದೇನೆ. ಎರಡನೆಯದು ನನಗೇ ಪೂರ್ತಿ ಒಪ್ಪಿಗೆಯಿಲ್ಲ.

‘ಟ್ರಾನ್ಸ್‌ಫರ್’ ಬಗ್ಗೆ ಒಂದೇ ಮಾತು. ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ಒದಗುವುದು ಅಂತ ಅರ್ಥ. ‘ಕಲಿಕೆಯ ವರ್ಗಾವಣೆ’ ಅಂದರೆ ಮೇಷ್ಟರಿಗೆ ಆರ್ಡರ್ ಬಂದ ಹಾಗಿರುತ್ತದೆ. ‘ಒದಗುವಿಕೆ’ ಅನ್ನುತ್ತೇನೆ.

ಕಡೆಯದಾಗಿ ‘ಸ್ಕ್ಯಾಫೋಲ್ಡಿಂಗ್’. 1976ರಲ್ಲಿ ವುಡ್, ಬ್ರೂನರ್, ರಾಸ್ ಮೂವರು, 3ರಿಂದ 5 ವರ್ಷದ ಮಕ್ಕಳಿಗೆ ಮರದ ತುಂಡುಗಳಿಂದ ಪಿರಮಿಡ್ ಕಟ್ಟಲು ಹೇಳಿ, ಜೊತೆಗಿದ್ದ ದೊಡ್ಡವರು ಯಾವಾಗ ಎಷ್ಟು ನೆರವು ಕೊಡುತ್ತಾರೆ ಅಂತ ನೋಡಿದರು. ಮಗುವಿಗೆ ಬರುತ್ತಾ ಬಂದಂತೆ ನೆರವು ಕಮ್ಮಿಯಾಗಬೇಕು. ‘ಆಸರೆ’, ‘ಊರುಗೋಲು’ ಎರಡನ್ನೂ ಹಾಕಿ ನೋಡಿದೆ. ಊರುಗೋಲು ಹಿಡಿದವರು ಬಿಡುವುದು ಅಪರೂಪ. ಇಲ್ಲಿ ಬಿಡುವುದೇ ಮುಖ್ಯ. ಗಾರೆ ಕೆಲಸದವರು ಗೋಡೆ ಏಳುವಾಗ ಬೊಂಬು ಕಟ್ಟಿ ನಿಲ್ಲುವುದಕ್ಕೆ ‘ಸಾರುವೆ’ ಅನ್ನುತ್ತಾರಲ್ಲ, ಇಂಗ್ಲಿಷ್ ಪದವೂ ಅಲ್ಲಿಂದಲೇ ಬಂದದ್ದು. ಗೋಡೆ ನಿಂತ ಮೇಲೆ ಸಾರುವೆ ಇರುವುದಿಲ್ಲ. ‘ಸಾರುವೆ ಕಟ್ಟಿ ಕಲಿಸುವುದು’ ಅಂತ ಬರೆದಿದ್ದೇನೆ. ಹುಡುಗಿಗೆ ಪದ ಗೊತ್ತಿರಲಿಲ್ಲ. ಎದುರು ಮನೆಗೆ ಬಣ್ಣ ಹೊಡೆಯಲು ಕಟ್ಟಿದ್ದನ್ನು ತೋರಿಸಿದೆ, ಸಾಕಾಯಿತು.

ಈಗ ಉಳಿದಿರುವುದು ಅದರ ಕ್ರಿಯಾಪದ. ನೆರವನ್ನು ಮೆಲ್ಲಗೆ ಹಿಂದೆ ತೆಗೆಯುವುದಕ್ಕೆ ಆ ಕೆಲಸದವರ ಮಾತನ್ನೇ ಬಳಸಬೇಕು ಅಂತಿದ್ದೇನೆ. ನಿಮ್ಮ ಕಡೆ ಸಾರುವೆಯನ್ನು ‘ಬಿಚ್ಚುತ್ತಾರೋ’, ‘ಇಳಿಸುತ್ತಾರೋ’?