ಇಝಡ್‌ಎಚ್2 ಇನ್‌ಹಿಬಿಟರ್ ಹಾಕಿ 24 ಗಂಟೆ ಆದರೂ ಮೀಥೈಲ್ ಗುರುತು ಇಳಿಯುತ್ತಿಲ್ಲ, ಯಾಕೆ?

ಪ್ರಶ್ನೆ:
ಒಂದೇ ಕ್ಯಾನ್ಸರ್ ಸೆಲ್ ಲೈನ್ ಮೇಲೆ ಎರಡು ಇನ್‌ಹಿಬಿಟರ್ (ಕಿಣ್ವ ತಡೆಯುವ ಔಷಧಿ) ನೋಡುತ್ತಿದ್ದೇನೆ. ಹಿಸ್ಟೋನ್‌ನಿಂದ (ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನ್) ಅಸಿಟೈಲ್ ಗುಂಪು ತೆಗೆಯುವ ಎಚ್‌ಡ್ಯಾಕ್ ಕಿಣ್ವಗಳನ್ನು ತಡೆಯುವ ಟ್ರೈಕೋಸ್ಟ್ಯಾಟಿನ್ ಎ ಹಾಕಿದರೆ ಕೆಲವೇ ಗಂಟೆಗಳಲ್ಲಿ ಪ್ರೋಟೀನ್ ಅಳೆಯುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಅಸಿಟೈಲ್ ಎಚ್3 (ಒಂದು ಹಿಸ್ಟೋನ್) ಬ್ಯಾಂಡ್ ದಟ್ಟವಾಗಿ ಬರುತ್ತದೆ. ಎಚ್3ಗೆ ಮೀಥೈಲ್ ಗುರುತು ಹಾಕುವ ಇಝಡ್‌ಎಚ್2 ಕಿಣ್ವವನ್ನು ತಡೆಯುವ ಜಿಎಸ್‌ಕೆ126 ಹಾಕಿದರೆ ಮಾತ್ರ 24 ಗಂಟೆ ಆದಮೇಲೂ ಎಚ್3ಕೆ27 ಟ್ರೈಮೀಥೈಲ್ (ಆ ಕಿಣ್ವ ಹಾಕುವ ಗುರುತು) ಬ್ಯಾಂಡ್ ಹೆಚ್ಚುಕಮ್ಮಿ ಹಾಗೇ ಇದೆ, ಇಝಡ್‌ಎಚ್2 ಪ್ರೋಟೀನ್ ಕೂಡ ಕಮ್ಮಿ ಆಗಿಲ್ಲ. ಡೋಸ್ ಜಾಸ್ತಿ ಮಾಡಬೇಕಾ?

ಉತ್ತರ 1:
ದಯವಿಟ್ಟು ಡೋಸ್ ಏರಿಸಬೇಡಿ, ದಿನ ಏರಿಸಿ. ಅಸಿಟೈಲ್ ಗುಂಪನ್ನು ಒಂದು ಕಿಣ್ವ ಹಾಕುತ್ತಲೇ ಇರುತ್ತದೆ, ಇನ್ನೊಂದು ತೆಗೆಯುತ್ತಲೇ ಇರುತ್ತದೆ. ತೆಗೆಯುವುದನ್ನು ನಿಲ್ಲಿಸಿದ ಕೂಡಲೇ ಅದು ತುಂಬಿಕೊಳ್ಳುತ್ತದೆ, ಅದಕ್ಕೇ ಟ್ರೈಕೋಸ್ಟ್ಯಾಟಿನ್ ಅಷ್ಟು ಬೇಗ ಕಾಣುತ್ತದೆ. ಜಿಎಸ್‌ಕೆ126 ಮಾಡುವುದು ಬೇರೆ ಕೆಲಸ. ಅದು ಇಝಡ್‌ಎಚ್2 ಮೇಲೆ ಎಸ್‌ಎಎಮ್ (ಮೀಥೈಲ್ ಕೊಡುವ ಅಣು) ಕೂರುವ ಜಾಗದಲ್ಲಿ ತಾನು ಕೂತು ಹೊಸ ಮೀಥೈಲ್ ಬರೆಯುವುದನ್ನು ತಡೆಯುತ್ತದೆ, ಅಷ್ಟೇ. ಆಗಲೇ ಬರೆದಿರುವುದು ಹೋಗಬೇಕಾದರೆ ಒಂದೋ ಡಿಮೀಥೈಲೇಸ್ ಎಂಬ ಕಿಣ್ವ ತೆಗೆಯಬೇಕು, ಇಲ್ಲಾ ಕೋಶ ವಿಭಜನೆಯಾಗಿ ಹಳೆ ಹಿಸ್ಟೋನ್‌ಗಳು ಹೊಸವುಗಳ ನಡುವೆ ಹಂಚಿಹೋಗಬೇಕು. ನಿಮ್ಮ ಕೋಶ ನಿಧಾನವಾಗಿ ಬೆಳೆಯುವಂಥದ್ದಾದರೆ ಇನ್ನೂ ತಡ. ಮೂರು ನಾಲ್ಕು ದಿನ ಬಿಟ್ಟು ನೋಡಿ, ಜೀನ್ ಅಭಿವ್ಯಕ್ತಿ ಬದಲಾಗಲು ಅದಕ್ಕಿಂತ ಜಾಸ್ತಿಯೇ ಬೇಕಾಗಬಹುದು. ಇಝಡ್‌ಎಚ್2 ಬ್ಯಾಂಡ್ ಇಳಿಯದಿರುವುದು ಸರಿಯೇ, ಈ ಔಷಧಿ ಪ್ರೋಟೀನನ್ನು ಒಡೆಯುವುದಿಲ್ಲ.

ಉತ್ತರ 2:
ಮೇಲೆ ಹೇಳಿದ್ದು ಸರಿ. ಪ್ರತಿ ಸಲವೂ ಒಟ್ಟು ಎಚ್3 ಬ್ಲಾಟ್ ಮಾಡಿ. ಆಕ್ಟಿನ್ (ಹೋಲಿಕೆಗೆ ನೋಡುವ ಪ್ರೋಟೀನ್) ಒಂದನ್ನೇ ನಂಬಿದರೆ ಹಿಸ್ಟೋನ್ ಎಷ್ಟು ಬಂದಿದೆ ಅಂತ ಗೊತ್ತಾಗುವುದಿಲ್ಲ.

ಹಾಗೇ, ಹಳೆಯ ಪೇಪರ್‌ಗಳಲ್ಲಿ ಡಿಝಡ್‌ನೆಪ್ ಎಂಬ ಔಷಧಿಯನ್ನು ಇಝಡ್‌ಎಚ್2 ಇನ್‌ಹಿಬಿಟರ್ ಅಂತ ಬರೆದಿರುತ್ತಾರೆ. ಅದು ನೇರವಾಗಿ ಇಝಡ್‌ಎಚ್2 ಅನ್ನು ಮುಟ್ಟುವುದಿಲ್ಲ. ಎಸ್‌ಎಎಚ್ (ಮೀಥೈಲ್ ಕೊಟ್ಟ ಮೇಲೆ ಎಸ್‌ಎಎಮ್‌ನಿಂದ ಉಳಿಯುವ ಅಣು) ಒಡೆಯುವ ಹೈಡ್ರೊಲೇಸ್ ಕಿಣ್ವವನ್ನು ತಡೆದು ಬೇರೆ ಮೀಥೈಲ್ ಗುರುತುಗಳನ್ನೂ ಕೆಡಿಸುತ್ತದೆ. ಅದರ ಫಲಿತಾಂಶದ ಜೊತೆ ನಿಮ್ಮದನ್ನು ಹೋಲಿಸಬೇಡಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಇನ್ನೊಂದು ವಿಷಯ: ಟ್ರೈಕೋಸ್ಟ್ಯಾಟಿನ್‌ನಿಂದ ಏರಿದ ಜೀನ್‌ಗಳು ಹಿಸ್ಟೋನ್ ಅಸಿಟೈಲೇಶನ್‌ನಿಂದಲೇ ಏರಿದವು ಅಂತ ಬರೆಯಬಹುದು ಅಲ್ವಾ?

ಉತ್ತರ 3:
ಅಷ್ಟು ಧೈರ್ಯವಾಗಿ ಬರೆಯಬೇಡಿ. ಎಚ್‌ಡ್ಯಾಕ್ (ಹಿಸ್ಟೋನ್ ಡಿಅಸಿಟೈಲೇಸ್) ಕಿಣ್ವಗಳ ಹೆಸರಲ್ಲಿ ಹಿಸ್ಟೋನ್ ಇದ್ದರೂ ಕೆಲಸ ಹಿಸ್ಟೋನ್‌ಗಷ್ಟೇ ಸೀಮಿತವಲ್ಲ. ಎಚ್‌ಡ್ಯಾಕ್6 ಟ್ಯೂಬುಲಿನ್ ಪ್ರೋಟೀನ್‌ನಿಂದ ಅಸಿಟೈಲ್ ತೆಗೆಯುತ್ತದೆ, ಪಿ53 ಪ್ರೋಟೀನ್ ಮೇಲಿನದನ್ನು ತೆಗೆಯುವ ಎಚ್‌ಡ್ಯಾಕ್‌ಗಳೂ ಇವೆ, ಟ್ರೈಕೋಸ್ಟ್ಯಾಟಿನ್ ಇವನ್ನೆಲ್ಲ ಒಟ್ಟಿಗೇ ತಡೆಯುತ್ತದೆ. ಸರ್ಟುಯಿನ್ ಎಂಬ ಗುಂಪಿನವನ್ನು ಮಾತ್ರ ತಡೆಯುವುದಿಲ್ಲ, ಅವು ಟ್ರೈಕೋಸ್ಟ್ಯಾಟಿನ್ ಹಿಡಿಯುವ ಸತುವಿನ ಬದಲು ಎನ್‌ಎಡಿ ಎಂಬ ಅಣು ಬಳಸುತ್ತವೆ. ಕ್ಲಾಸ್ 1 ಎಚ್‌ಡ್ಯಾಕ್‌ಗಳಿಗೆ ಹೆಚ್ಚು ಅಂಟುವ, ರಚನೆಯಲ್ಲೇ ಬೇರೆಯಾದ ಎಂಟಿನೊಸ್ಟ್ಯಾಟ್ ಹಾಕಿ ಅದೇ ಜೀನ್‌ಗಳು ಏರುತ್ತವಾ ನೋಡಿ.

ಇಝಡ್‌ಎಚ್2 ಕಡೆಗೂ ಇದೇ ಮಾತು. ಸುಮ್ನೆ ಡಿಎಮ್‌ಎಸ್‌ಒ (ಔಷಧಿ ಕರಗಿಸುವ ದ್ರವ) ಕಂಟ್ರೋಲ್ ಸಾಲದು. ಯುಎನ್‌ಸಿ1999 ಎಂಬ ಇನ್ನೊಂದು ಇಝಡ್‌ಎಚ್2 ಇನ್‌ಹಿಬಿಟರ್‌ಗೆ ಯುಎನ್‌ಸಿ2400 ಅಂತ ನೋಡಲು ಅದರಂತೆಯೇ ಇರುವ, ಆದರೆ ಇಝಡ್‌ಎಚ್2 ಮೇಲೆ ತೀರಾ ದುರ್ಬಲವಾದ ಜೋಡಿ ಇದೆ. ಎರಡನ್ನೂ ಒಂದೇ ಡೋಸ್‌ನಲ್ಲಿ ಹಾಕಿ. ಎರಡರಲ್ಲೂ ಕೋಶ ಸಾಯುತ್ತಿದ್ದರೆ ಅದಕ್ಕೆ ಇಝಡ್‌ಎಚ್2 ಕಾರಣವಲ್ಲ, ಡೋಸ್ ಇಳಿಸಿ ಮತ್ತೆ ನೋಡಿ.