ಸಿಎನ್‌ಸಿ ಲೇತ್ ಬಿಡಿಭಾಗ: ಎಲ್ಲವನ್ನೂ 8466ಕ್ಕೆ ಹಾಕಬಹುದಾ?

ಪೀಣ್ಯ_ಲೇತ್:

ಪೀಣ್ಯ ಎರಡನೇ ಹಂತದಲ್ಲಿ ನನ್ನದೊಂದು ಸಣ್ಣ ಶೆಡ್ ಇದೆ. ನಾನು ಮತ್ತು ಇಬ್ಬರು ಫಿಟ್ಟರ್‌ಗಳು ಸೇರಿ ಹಳೇ ಸಿಎನ್‌ಸಿ ಲೇತ್ (ಕಂಪ್ಯೂಟರ್ ನಡೆಸುವ, ಲೋಹ ಕಡೆಯುವ ಯಂತ್ರ) ರಿಪೇರಿ ಮಾಡುತ್ತೇವೆ. ಇಷ್ಟು ವರ್ಷ ಇಲ್ಲಿನ ಡೀಲರ್ ಹತ್ತಿರವೇ ಸ್ಪೇರ್ ತರುತ್ತಿದ್ದೆ. ಈ ಸಲ ಧೈರ್ಯ ಮಾಡಿ ತೈವಾನ್‌ನ ತೈಚುಂಗ್‌ನಿಂದ ನೇರವಾಗಿ ತರಿಸಿದೆ. ಮಾಲು ದೇವನಹಳ್ಳಿ ಏರ್ ಕಾರ್ಗೋದಲ್ಲಿ ಬಂದು ಕೂತು ಆರು ದಿನ ಆಯಿತು. ಡೆಮರೇಜ್ (ಮಾಲು ಬಿಡಿಸದೆ ಇಟ್ಟದ್ದಕ್ಕೆ ದಿನದ ಬಾಡಿಗೆ) ಓಡುತ್ತಿದೆ.

ಒಂದೇ ಪೆಟ್ಟಿಗೆ, 4.6 ಲಕ್ಷದ ಮಾಲು. ನಾಲ್ಕು ಸ್ಪಿಂಡಲ್ ಬೇರಿಂಗ್, ಒಂದು ಬಾಲ್ ಸ್ಕ್ರೂ, 120 ಸೆಂ.ಮೀ. ಸುತ್ತಳತೆಯ ಎರಡು ಟೈಮಿಂಗ್ ಬೆಲ್ಟ್, ಸೊಲೆನಾಯ್ಡ್ ವಾಲ್ವ್, ಒಂದಷ್ಟು ಓ-ರಿಂಗ್ ಮತ್ತು ಆಯಿಲ್ ಸೀಲ್, ಒಂದು ಡಬ್ಬಿ ಅಲೆನ್ ಬೋಲ್ಟ್, ಒಂದು ಜೊತೆ ಎಲ್‌ಎಂ ಗೈಡ್ (ಮಷಿನ್ ಭಾಗ ನೇರವಾಗಿ ಸರಿಯುವ ಹಳಿ), ಸ್ಟೀಲ್ ಟೆಲಿಸ್ಕೋಪಿಕ್ ಕವರ್.

ನಮ್ಮ ಕಸ್ಟಮ್ಸ್ ಬ್ರೋಕರ್ ಎಲ್ಲವನ್ನೂ ಒಂದೇ ಸಾಲಿನಲ್ಲಿ 'ಸಿಎನ್‌ಸಿ ಲೇತ್ ಪಾರ್ಟ್ಸ್' ಎಂದು ಬರೆದು 8466 93 90 ಅನ್ನುವ ಟ್ಯಾರಿಫ್ ಕೋಡ್ (ಸುಂಕ ಎಷ್ಟು ಅಂತ ನಿರ್ಧರಿಸುವ ಸಂಖ್ಯೆ; 8466 ಅಂದರೆ ಮಷಿನ್ ಟೂಲ್ ಬಿಡಿಭಾಗ) ಹಾಕಿದ್ದಾರೆ. ಪ್ರತಿ ಐಟಂನ ಕ್ಯಾಟಲಾಗ್ ಕೊಡಿ, ಈ ಕೋಡ್ ಯಾಕೆ ಅಂತ ಕಾರಣ ಕೊಡಿ ಎಂದು ಕಸ್ಟಮ್ಸ್‌ನಿಂದ ಕ್ವೆರಿ ಬಂದಿದೆ. ಬ್ರೋಕರ್ ಕೇಳಿದರೆ, 'ಸಾರ್, ಎಲ್ಲರೂ ಹೀಗೇ ಹಾಕೋದು, ಸುಮ್ನೆ ಕಿರಿಕ್' ಅನ್ನುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತಿದೆ. ಲೇತಿಗೇ ತರಿಸಿದ ಸಾಮಾನು ಅಲ್ವಾ? ಇನ್ವಾಯ್ಸ್‌ನಲ್ಲೂ 'ಲೇತ್ ಸ್ಪೇರ್ ಕಿಟ್' ಅಂತಲೇ ಇದೆ. ಕಿಟ್ ಅಂದ ಮೇಲೆ ಒಂದೇ ಕೋಡ್ ತಾನೇ?

ಹಳೇ_ಹಾರ್ಬರ್:

ಚೆನ್ನೈ ಬಂದರಿನಲ್ಲೂ ವೈಟ್‌ಫೀಲ್ಡ್ ಐಸಿಡಿಯಲ್ಲೂ (ಒಳನಾಡಿನ ಕಂಟೇನರ್ ಡಿಪೋ) ಒಟ್ಟು 31 ವರ್ಷ ಬಿಲ್ ಆಫ್ ಎಂಟ್ರಿ (ಆಮದು ಮಾಲಿನ ಘೋಷಣೆ ಪತ್ರ) ಬರೆದವನು ನಾನು. ಈಗ ರಿಟೈರ್ ಆಗಿ ತುಮಕೂರಿನಲ್ಲಿ ತೆಂಗಿನ ಗಿಡಕ್ಕೆ ನೀರು ಬಿಡುತ್ತಿದ್ದೇನೆ. ಕೇಳಿ.

ಮದುವೆಗೆ ಅಂತ ಅಂಗಡಿಯಲ್ಲಿ ಬೆಲ್ಲ ತಂದರೆ ಬಿಲ್‌ನಲ್ಲಿ ಬೆಲ್ಲ ಅಂತಲೇ ಬರೆಯುತ್ತಾರೆ, 'ಮದುವೆ ಸಾಮಾನು' ಅಂತ ಬರೆಯುವುದಿಲ್ಲ. ಟ್ಯಾರಿಫ್ ಪುಸ್ತಕವೂ ಅಷ್ಟೇ. ಯಾವ ಮಷಿನ್ನಿಗೆ ಹೋಗುತ್ತದೆ ಅನ್ನುವುದು ಆಮೇಲೆ. ಈ ಸಾಮಾನಿಗೆ ಅದರದೇ ಮನೆ ಇದೆಯಾ ಅಂತ ಮೊದಲು ನೋಡಬೇಕು.

ಇದು ನನ್ನ ಅಭಿಪ್ರಾಯ ಅಲ್ಲ. ಆ ಪುಸ್ತಕದಲ್ಲಿ ಯಂತ್ರ ಮತ್ತು ವಿದ್ಯುತ್ ಸಾಮಾನಿನ 84 ಮತ್ತು 85ನೇ ಅಧ್ಯಾಯಗಳು ಇರುವುದು 16ನೇ ವಿಭಾಗದಲ್ಲಿ. ಆ ವಿಭಾಗದ ತಲೆಯ ಮೇಲಿರುವ ಟಿಪ್ಪಣಿಗಳನ್ನು ಯಾರೂ ಓದುವುದಿಲ್ಲ, ಎಲ್ಲ ಜಗಳ ಹುಟ್ಟುವುದು ಅಲ್ಲೇ. ಟಿಪ್ಪಣಿ 1 ಕೆಲವು ಸಾಮಾನನ್ನು ವಿಭಾಗದಿಂದಲೇ ಹೊರಗೆ ಹಾಕುತ್ತದೆ. ಟಿಪ್ಪಣಿ 2(ಎ) ಪ್ರಕಾರ, ಬಿಡಿಭಾಗವಾದರೂ ಅದಕ್ಕೆ 84 ಅಥವಾ 85ರಲ್ಲಿ ಸ್ವಂತ ಶೀರ್ಷಿಕೆ (ನಾಲ್ಕು ಅಂಕಿಯ ಕೋಡ್) ಇದ್ದರೆ ಅದು ಅಲ್ಲಿಗೇ ಹೋಗಬೇಕು. ಇವೆರಡೂ ಜರಡಿ ದಾಟಿ ಉಳಿದದ್ದು ಮಾತ್ರ 2(ಬಿ)ಗೆ ಬಂದು, ಮಷಿನ್ನಿನ ಪಾರ್ಟ್ಸ್ ಕೋಡಿಗೆ ಬೀಳುತ್ತದೆ.

ಈಗ ನಿಮ್ಮ ಪೆಟ್ಟಿಗೆ ಬಿಚ್ಚೋಣ. ಬೇರಿಂಗ್ 8482, ಅದರಲ್ಲಿ ಮಾತೇ ಇಲ್ಲ. ಬಾಲ್ ಸ್ಕ್ರೂ 8483 40, ಅಲ್ಲಿ ಹೆಸರು ಹಿಡಿದೇ ಬರೆದಿದ್ದಾರೆ. ವಾಲ್ವ್ 8481. ಟೈಮಿಂಗ್ ಬೆಲ್ಟ್ ರಬ್ಬರಿನದಾದರೆ 4010. ಸುತ್ತಳತೆ 60ರಿಂದ 150 ಸೆಂ.ಮೀ. ಒಳಗಿರುವುದರಿಂದ 4010 35. ಅಲೆನ್ ಬೋಲ್ಟ್ 7318. ಅದು 'ಸಾಮಾನ್ಯ ಬಳಕೆಯ ಭಾಗ', ಚಿನ್ನದ ಲೇತಿಗೆ ಹಾಕಿದರೂ ಬೋಲ್ಟ್ ಬೋಲ್ಟೇ. ಟೆಲಿಸ್ಕೋಪಿಕ್ ಕವರಿಗೆ ಬೇರೆ ಮನೆ ಇಲ್ಲ. ಅದು ನಿಜವಾಗಿಯೂ 8466. ನಿಮ್ಮ ಬ್ರೋಕರ್ ಅದೊಂದನ್ನು ಸರಿ ಮಾಡಿದ್ದಾರೆ ಬಿಡಿ.

ಸೀಲ್ ಹತ್ತಿರ ಬಂದಾಗ ನಿಧಾನ ಮಾಡಿ. ನನ್ನ ಸರ್ವೀಸಿನಲ್ಲಿ ಜಾಸ್ತಿ ಕಾಡಿದ್ದು ಇವೇ. ಬರೀ ರಬ್ಬರಿನ ಓ-ರಿಂಗ್ ಆದರೆ 4016 93. ಆಯಿಲ್ ಸೀಲ್‌ನಲ್ಲಿ ರಬ್ಬರ್ ಒಳಗೆ ಲೋಹದ ಬಳೆ ಇಟ್ಟು ವಲ್ಕನೈಸ್ ಮಾಡಿದ್ದರೆ ಅದು 8487. ತಿರುಗುವ ಮುಖ, ಸ್ಪ್ರಿಂಗ್ ಎಲ್ಲ ಇರುವ ಮೆಕ್ಯಾನಿಕಲ್ ಸೀಲ್ ಆದರೆ 8484 20. ನೋಡಲು ಎಲ್ಲವೂ ಕಪ್ಪು ಬಳೆ. ಹೊರಗಿನಿಂದ ನೋಡಿ ಕೋಡ್ ಬರೆಯಬೇಡಿ.

ಕಿಟ್ ಮಾತು ಮರೆತುಬಿಡಿ. ಒಂದು 'ಸೆಟ್' ಅನ್ನಿಸಿಕೊಳ್ಳಬೇಕಾದರೆ ಚಿಲ್ಲರೆ ಮಾರಾಟಕ್ಕೆ ಅಂತಲೇ, ಒಂದು ನಿರ್ದಿಷ್ಟ ಕೆಲಸಕ್ಕೆ ಜೋಡಿಸಿ ಪ್ಯಾಕ್ ಮಾಡಿರಬೇಕು. ಸಾಗಣೆಗೆ ಅನುಕೂಲ ಅಂತ ಎಂಟು ಸಾಮಾನು ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿದರೆ ಸೆಟ್ ಆಗುವುದಿಲ್ಲ.

ಮತ್ತೆ, ಆಫೀಸರ್ ಮೇಲೆ ಸಿಟ್ಟಾಗಬೇಡಿ. ಫೇಸ್‌ಲೆಸ್ ಅಸೆಸ್‌ಮೆಂಟ್ ಮೊದಲು ಶುರುವಾಗಿದ್ದೇ 2020ರ ಜೂನ್‌ನಲ್ಲಿ, ಬೆಂಗಳೂರು ಮತ್ತು ಚೆನ್ನೈಯಲ್ಲಿ, ಅದೂ 84 ಮತ್ತು 85ನೇ ಅಧ್ಯಾಯದ ಮಾಲಿಗೆ. ನಿಮ್ಮ ಕಾಗದ ನೋಡುತ್ತಿರುವವರು ಬೇರೆ ಊರಿನಲ್ಲಿ ಕೂತಿರಬಹುದು. ಅವರಿಗೆ ನಿಮ್ಮ ಪೆಟ್ಟಿಗೆ ಕಾಣುವುದಿಲ್ಲ, ನೀವು ಬರೆದ ಒಂದು ಸಾಲು ಕಾಣುತ್ತದೆ. 'ಲೇತ್ ಪಾರ್ಟ್ಸ್' ಅಂತ ನೋಡಿ ಅವರು ತಾನೇ ಏನು ಮಾಡಬೇಕು?

ಬೆಳಗಾವಿ_ಕಾಸ್ಟಿಂಗ್:

ಮೇಲಿನವರ ಮಾತಿಗೆ ನನ್ನ ಜೇಬೇ ಸಾಕ್ಷಿ. ನಾವು 2021ರ ಕೊನೆಯಿಂದ ಎರಡು ವರ್ಷ ಮಷಿನ್ ಬೋಲ್ಟ್‌ಗಳನ್ನು 'ಪಾರ್ಟ್ಸ್' ಅಂತ 8466ರಲ್ಲೇ ತರಿಸಿದೆವು. ಆಗ ಪಾರ್ಟ್ಸ್‌ಗೆ ಮೂಲ ಸುಂಕ ಶೇ. 7.5. ಸ್ಕ್ರೂ ಬೋಲ್ಟಿಗೆ 2021ರ ಬಜೆಟ್‌ನಲ್ಲಿ ಶೇ. 10ರಿಂದ 15ಕ್ಕೆ ಏರಿತ್ತು. ಅದರ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್ಚಾರ್ಜ್. ಲೆಕ್ಕ ಹಾಕಿದರೆ 8.25 ಎಲ್ಲಿ, 16.5 ಎಲ್ಲಿ! 10 ಲಕ್ಷದ ಮಾಲಿಗೆ 82,500 ರೂಪಾಯಿ ಕಡಿಮೆ ಕಟ್ಟಿದ್ದೆವು. ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ) ಹೇಗೂ ಕ್ರೆಡಿಟ್ ಸಿಗುತ್ತದೆ, ಸುಂಕ ವಾಪಸ್ ಬರುವುದಿಲ್ಲ.

ಆಡಿಟ್‌ನಲ್ಲಿ ಸಿಕ್ಕಿಬಿತ್ತು. ಸುಂಕ, ವರ್ಷಕ್ಕೆ ಶೇ. 15 ಬಡ್ಡಿ, ಮೇಲೆ ದಂಡದ ಮಾತು. ಸಾಮಾನ್ಯವಾಗಿ ಎರಡು ವರ್ಷ ಹಿಂದಕ್ಕೆ ಕೇಳುತ್ತಾರೆ. ಬೇಕಂತಲೇ ಮುಚ್ಚಿಟ್ಟಿರಿ ಅಂದರೆ ಐದು ವರ್ಷ. ನಮಗೆ ಐದು ವರ್ಷದ ನೋಟಿಸೇ ಬಂತು. ಜಗಳ ಆಡುವ ತಾಕತ್ತು ಇರಲಿಲ್ಲ. 30 ದಿನದ ಒಳಗೆ ಸುಂಕ, ಬಡ್ಡಿ ಮತ್ತು ಸುಂಕದ ಶೇ. 15 ದಂಡ ಕಟ್ಟಿ ಮುಗಿಸಿದೆವು. ನಮ್ಮ ಬ್ರೋಕರ್ ಆಗ ಫೋನ್ ಎತ್ತಲಿಲ್ಲ. ಸ್ವಯಂ ಮೌಲ್ಯಮಾಪನ ಅಂದರೆ ಸಹಿ ನಮ್ಮದು, ಹೊಣೆ ನಮ್ಮದು. ಅದು ಗೊತ್ತಾಗಲು ನನಗೆ ಅಷ್ಟು ದುಡ್ಡು ಬೇಕಾಯಿತು.

ಆ ದರಗಳು ಆಗಿನವು. ಬಿಲ್ ಹಾಕುವ ದಿನ ಮತ್ತೆ ನೋಡಿಕೊಳ್ಳಿ.

ಕೋಡ್_ಹುಚ್ಚ:

ಹಾರ್ಬರ್ ಸರ್, ಒಂದು ತಕರಾರು. 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ವೆಸ್ಟಿಂಗ್‌ಹೌಸ್ ಸ್ಯಾಕ್ಸ್‌ಬಿ ಕೇಸಿನಲ್ಲಿ ರೈಲ್ವೆ ಸಿಗ್ನಲ್ ರಿಲೇಯನ್ನು ವಿದ್ಯುತ್ ಸ್ವಿಚ್, ರಿಲೇಗಳ 8536ರಿಂದ ತೆಗೆದು ರೈಲ್ವೆ ಉಪಕರಣದ 8608ಕ್ಕೆ ಹಾಕಿತು. ಬಳಕೆಯನ್ನೇ ಮುಖ್ಯ ಅಂದಿತು. ಹಾಗಾದರೆ ಲೇತಿಗೆ ಮಾತ್ರ ಕೂರುವ ಬಾಲ್ ಸ್ಕ್ರೂ ಯಾಕೆ 8466 ಆಗಬಾರದು?

ಹಳೇ_ಹಾರ್ಬರ್:

ಒಳ್ಳೇ ಪ್ರಶ್ನೆ. ಆ ತೀರ್ಪು 17ನೇ ವಿಭಾಗದ ಟಿಪ್ಪಣಿಗಳ ಮೇಲೆ ನಿಂತದ್ದು, ಅಂದರೆ ರೈಲು, ವಾಹನಗಳ ವಿಭಾಗ. ನಮ್ಮದು 16. ಇಲ್ಲಿ 2(ಎ) ಅನ್ನು ದಾಟದೆ 'ಇದಕ್ಕೆ ಮಾತ್ರ ಬಳಕೆ' ಅನ್ನುವ 2(ಬಿ)ಗೆ ಕಾಲಿಡಲು ಆಗುವುದಿಲ್ಲ. ಆ ತೀರ್ಪು ಹಿಡಿದು ವಾಹನ ಬಿಡಿಭಾಗದವರಿಗೆ ನೋಟಿಸ್ ಕೊಡಲು ಶುರು ಮಾಡಿದಾಗ, 2022ರ ಜನವರಿ 5ರಂದು ಕಸ್ಟಮ್ಸ್ ನಡೆಸುವ ಕೇಂದ್ರ ಮಂಡಳಿಯೇ ಸೂಚನೆ ಹೊರಡಿಸಿತು. ಆ ತೀರ್ಪನ್ನು ಕಣ್ಣುಮುಚ್ಚಿ ಎಲ್ಲದಕ್ಕೂ ಹಚ್ಚಬೇಡಿ, ಒಂದೊಂದು ಸಾಮಾನನ್ನೂ ಅದರ ಟಿಪ್ಪಣಿ ಜೊತೆ ನೋಡಿ ಅಂತ.

ನಿಜಕ್ಕೂ ತಲೆ ಕೆರೆದುಕೊಳ್ಳಬೇಕಾದದ್ದು ಎಲ್‌ಎಂ ಗೈಡ್. 8482 ಅನ್ನುವವರಿದ್ದಾರೆ, 8466 ಅನ್ನುವವರೂ ಇದ್ದಾರೆ. ಒಳಗೆ ಗೋಲಿಗಳು ಓಡುವುದರಿಂದ ನಾನಾದರೆ 8482 ಬರೆದು ಕ್ಯಾಟಲಾಗ್ ಅಂಟಿಸುತ್ತೇನೆ. ಪದೇ ಪದೇ ತರಿಸುವುದಾದರೆ ಮುಂಗಡ ತೀರ್ಪು (ಮಾಲು ತರಿಸುವ ಮೊದಲೇ ಕೋಡ್ ಯಾವುದು ಅಂತ ಅಧಿಕೃತ ಉತ್ತರ) ಕೇಳಿ. ಅದನ್ನು ಕೊಡುವ ಪ್ರಾಧಿಕಾರ ದೆಹಲಿ, ಮುಂಬೈಯಲ್ಲಿದೆ. ಶುಲ್ಕ 10,000 ರೂಪಾಯಿ, ಕಾನೂನು ಬದಲಾಗದಿದ್ದರೆ ತೀರ್ಪು ಕೆಲವು ವರ್ಷ ನಡೆಯುತ್ತದೆ. ಆದರೆ ಈ ಪೆಟ್ಟಿಗೆಗೆ ಬೇಡ. ಪ್ರಶ್ನೆ ಆಗಲೇ ಆಫೀಸರ್ ಮುಂದೆ ಇದ್ದರೆ ಅವರು ಅರ್ಜಿ ತೆಗೆದುಕೊಳ್ಳುವುದಿಲ್ಲ. ಈಗ ಮಾಡಬೇಕಾದದ್ದು ಕಸ್ಟಮ್ಸ್ ಕಾಯ್ದೆಯ 149ನೇ ಕಲಮಿನಲ್ಲಿ ತಿದ್ದುಪಡಿ ಕೇಳಿ ಬಿಲ್ ಆಫ್ ಎಂಟ್ರಿಯನ್ನು ಸಾಲು ಸಾಲಾಗಿ ಒಡೆಯುವುದು. ಕ್ಯಾಟಲಾಗ್ ಪುಟಗಳನ್ನು ಇ-ಸಂಚಿತ್‌ಗೆ (ಕಸ್ಟಮ್ಸ್‌ನ ಆನ್‌ಲೈನ್ ದಾಖಲೆ ವ್ಯವಸ್ಥೆ) ಹಾಕಿ. ಕ್ವೆರಿಗೆ ಉತ್ತರ ಸಣ್ಣದಾಗಿರಲಿ.

ಪೀಣ್ಯ_ಲೇತ್:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ತೈಚುಂಗ್‌ನವರಿಗೆ ಬರೆದು ಪಾರ್ಟ್ ನಂಬರ್ ಪ್ರಕಾರ ಬೆಲೆ ಒಡೆಸಿ ತರಿಸಿಕೊಂಡೆ. ಎಂಟು ಸಾಮಾನು, ಒಂಬತ್ತು ಸಾಲು ಆಯಿತು, ಯಾಕೆಂದರೆ ಸೀಲ್ ಎರಡು ಕಡೆ ಹೋಯಿತು. ಬ್ರೋಕರ್ ಮುಖ ಊದಿಸಿಕೊಂಡರು. ಆದರೂ ತಿದ್ದುಪಡಿ ಹಾಕಿದ್ದಾರೆ. ಸುಂಕ ಲೆಕ್ಕ ಹಾಕಿದರೆ ಒಟ್ಟು ವ್ಯತ್ಯಾಸ ಎರಡು ದಿನದ ಡೆಮರೇಜ್‌ಗಿಂತ ಕಡಿಮೆ! ಇದಕ್ಕೆ ಆರು ದಿನ ಕೂತೆನಲ್ಲ ಅಂತ ಹೊಟ್ಟೆ ಉರಿಯಿತು.

ಆಯಿಲ್ ಸೀಲ್ ಕ್ಯಾಟಲಾಗ್‌ನಲ್ಲಿ ಒಳಗೆ ಏನಿದೆ ಅಂತ ಬರೆದಿರಲಿಲ್ಲ. ಅದೇ ನಂಬರಿನ ಹಳೇದೊಂದು ಶೆಡ್‌ನ ಡಬ್ಬಿಯಲ್ಲಿ ಬಿದ್ದಿತ್ತು. ಹ್ಯಾಕ್ಸಾ ಹಿಡಿದು ಅಡ್ಡ ಕೊಯ್ದೆ. ರಬ್ಬರ್ ಸಲೀಸಾಗಿ ಹೋಯಿತು, ಆಮೇಲೆ ಕಿರ್ರೆಂದು ಬ್ಲೇಡ್ ನಿಂತಿತು. ಒಳಗೆ ಸ್ಟೀಲ್ ಬಳೆ. ಫೋಟೋ ತೆಗೆದು ಅದನ್ನೂ ಉತ್ತರದ ಜೊತೆ ಕಳಿಸಿದ್ದೇನೆ.