ಓದುಗರ ಸ್ಪಂದನ: ರಾತ್ರಿಯಿಡೀ ಬೊಗಳುವ ನಾಯಿ, ಮಾತು ಬಿಟ್ಟ ನೆರೆಮನೆ

ನೀರ್ಚಾಲಿನ ಓದುಗರೊಬ್ಬರು ಕೇಳಿದ್ದರು: ‘ಗೇಟಿನ ಬಳಿ ಕಟ್ಟುವ ನಮ್ಮ ನಾಯಿ ರಾತ್ರಿಯಿಡೀ ಬೊಗಳುತ್ತದೆ. ಗದರಿದರೆ ಇನ್ನೂ ಜಾಸ್ತಿ. ಪಕ್ಕದ ಮನೆಯವರು ಮಾತು ಬಿಟ್ಟಿದ್ದಾರೆ. ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡಲೇ?’

ಕೊಡಬೇಡಿ. ಮೊದಲು ಅದನ್ನು ಗೇಟಿನಿಂದ ದೂರ ಮಾಡಿ. ಅಲ್ಲಿ ಕಟ್ಟಿದರೆ ಹೋಗುವ ಬರುವ ಪ್ರತಿ ಬೈಕಿನವನೂ ಅದಕ್ಕೆ ಕಳ್ಳನೇ. ಬೊಗಳಿತು, ಬೈಕು ಹೋಯಿತು. ತಾನೇ ಓಡಿಸಿದೆ ಅಂತ ಅದರ ಲೆಕ್ಕ! ನಾವು ರಸ್ತೆ ಕಾಣದ ಹಾಗೆ ಗೇಟಿನ ಸರಳುಗಳಿಗೆ ತೆಂಗಿನ ಮಡಲು ಹೆಣೆದು ಕಟ್ಟಿದೆವು. ನಾಯಿಯ ಜಾಗ ಹಿತ್ತಲಿಗೆ, ಹಟ್ಟಿಯ ಪಕ್ಕಕ್ಕೆ ಬದಲಾಯಿತು. ಎರಡು ತೆಂಗಿನ ಮರಗಳ ನಡುವೆ ತಂತಿ ಎಳೆದು, ಅದರಲ್ಲಿ ಜಾರುವ ಬಳೆಗೆ ಸರಪಳಿ ಸಿಕ್ಕಿಸಿದರೆ ಅತ್ತಿತ್ತ ಓಡಾಡಬಹುದು. ಆದರೆ ಕಬ್ಬಿಣದ ಬಳೆ ತಂತಿಗೆ ಉಜ್ಜಿ ರಾತ್ರಿ ಕಿರ್ರೋ ಅನ್ನುತ್ತದೆ, ಬೊಗಳುವುದೇ ವಾಸಿ ಅನಿಸುವಷ್ಟು. ತಂತಿಯ ಬದಲು ದಪ್ಪ ನೈಲಾನ್ ಹಗ್ಗ ಕಟ್ಟಿದ ಮೇಲೆ ಸರಿಹೋಯಿತು. ತೋಟಕ್ಕೆ ಕಾಡುಹಂದಿ, ಮುಳ್ಳುಹಂದಿ ಬಂದಾಗ ಬೊಗಳದ ನಾಯಿ ನಮಗೂ ಬೇಡ, ಅಲ್ವಾ? ಹಾಗಾಗಿ ಪೂರ್ತಿ ಬಾಯಿ ಮುಚ್ಚಿಸುವ ಆಸೆ ಬಿಡಿ. ಸಂಜೆ ತೋಟಕ್ಕೆ ಹೋಗುವಾಗ ಜೊತೆಗೆ ಕರೆದುಕೊಂಡು ಹೋಗಿ. ಮೂಸಿ, ಓಡಿ ದಣಿದರೆ ರಾತ್ರಿ ಮಲಗುತ್ತದೆ.
– ಅಡಕೆ ಕೃಷಿಕ, ಪೆರ್ಲ

ಗದರುವುದನ್ನು ನಿಲ್ಲಿಸಿ. ಒಳಗಿಂದ ನೀವು ‘ಏಯ್!’ ಅಂತ ಕೂಗಿದರೆ ಅದಕ್ಕೆ ನೀವೂ ಸೇರಿ ಬೊಗಳಿದ ಹಾಗೆ. ನಮ್ಮ ನಾಯಿಗೆ ಮೀನಿನವರ ಸ್ಕೂಟರಿನ ಹಾರ್ನ್ ಕೇಳಿದರೆ ಆಗುತ್ತಿರಲಿಲ್ಲ. ಮಗಳು ಆ ಹಾರ್ನನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ತೀರಾ ಸಣ್ಣ ಸೌಂಡಿನಲ್ಲಿ ಹಾಕಿ, ಸುಮ್ಮನಿದ್ದಾಗಲೆಲ್ಲ ಬೇಯಿಸಿದ ಮೊಟ್ಟೆಯ ಚೂರು ಕೊಟ್ಟಳು. ದಿನ ಹೋದ ಹಾಗೆ ಸೌಂಡ್ ಜಾಸ್ತಿ ಮಾಡಿದಳು. ಈಗ ಹಾರ್ನ್ ಕೇಳಿದರೆ ಅದು ನೇರ ಅಡುಗೆಮನೆ ಬಾಗಿಲಿಗೆ ಬರುತ್ತದೆ. ಮೀನಿನ ಆಸೆಯೂ ಇರಬಹುದು!
– ಗೃಹಿಣಿ, ಕುಂಬಳೆ

ಬೊಗಳುವುದು ಇದ್ದಕ್ಕಿದ್ದಂತೆ ಶುರುವಾಗಿದ್ದರೆ ಪಶುವೈದ್ಯರಿಗೆ ತೋರಿಸಿ. ಕಿವಿಯಲ್ಲಿ ಉಣ್ಣಿ ಸೇರಿರಬಹುದು. ಮುದಿ ನಾಯಿಗಳಿಗೆ ಕತ್ತಲಾದ ಮೇಲೆ ಗಲಿಬಿಲಿ ಜಾಸ್ತಿ. ಬಾಯಿಗೆ ಮಾತ್ರ ಕಟ್ಟಬೇಡಿ. ನಾಯಿ ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳುವುದು, ನಮ್ಮ ಸೆಕೆಗೆ ಜೀವಕ್ಕೇ ಅಪಾಯ. ಶಾಕ್ ಕೊಡುವ ಬೆಲ್ಟೂ ಬೇಡ. ಸದಾ ಕಟ್ಟಿಹಾಕಿ, ಓಡಾಡಿಸದೆ ಇಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಪಂಚಾಯತ್ ಲೈಸೆನ್ಸ್, ರೇಬಿಸ್ ಚುಚ್ಚುಮದ್ದಿನ ಕಾಗದ ಎರಡೂ ಕೈಯಲ್ಲಿರಲಿ. ಜಗಳ ದೂರಿನವರೆಗೆ ಹೋದರೆ ಬೇಕಾಗುತ್ತದೆ.
– ಪಶು ಆಸ್ಪತ್ರೆಯ ನಿವೃತ್ತ ನೌಕರ, ಮುಳ್ಳೇರಿಯ

ನಾನು ಪಕ್ಕದ ಮನೆಯವರ ಪಾರ್ಟಿ! ನೈಟ್ ಡ್ಯೂಟಿ ಮುಗಿಸಿ ಹಗಲು ಮಲಗುವವಳು. ನಾಯಿಯ ಕೂಗನ್ನು ಹೇಗೋ ಸಹಿಸಬಹುದು. ‘ನಾಯಿ ಅಂದ್ಮೇಲೆ ಬೊಗಳದೆ ಇರುತ್ತಾ?’ ಅಂದುಬಿಟ್ಟರೆ ಮೈ ಉರಿಯುತ್ತದೆ. ಅವರು ಬರಲಿ ಅಂತ ಕಾಯಬೇಡಿ, ನೀವೇ ಹೋಗಿ. ಯಾವ ಹೊತ್ತಿಗೆ ಜಾಸ್ತಿ ಅಂತ ಕೇಳಿ. ನೀವು ಮನೆಯಲ್ಲಿಲ್ಲದಾಗ ಅದು ಎಷ್ಟು ಬೊಗಳುತ್ತದೆ ಅಂತ ಗೊತ್ತಿರುವುದು ಅವರಿಗೇ. ಮದುವೆ, ಬಯಲಾಟ ಅಂತ ಮನೆಮಂದಿಯೆಲ್ಲ ಹೊರಡುವ ರಾತ್ರಿ ಮೊದಲೇ ಹೇಳಿ, ಫೋನ್ ನಂಬರ್ ಕೊಟ್ಟು ಹೋಗಿ. ಒಪ್ಪಿದರೆ ಅವರ ಕೈಯಿಂದಲೇ ಒಂದೆರಡು ಸಲ ನಾಯಿಗೆ ತಿಂಡಿ ಹಾಕಿಸಿ. ಗುರುತಾದ ಮೇಲೆ ಅವರು ಅಂಗಳಕ್ಕಿಳಿದಾಗಲೆಲ್ಲ ಬೊಗಳುವುದಂತೂ ನಿಲ್ಲುತ್ತದೆ.
– ನರ್ಸ್, ಉಪ್ಪಳ